ಕೃಷಿ ಹೊಂಡದ ಲೆಕ್ಕ: ಸಹಾಯಧನ ತೋಡುವುದಕ್ಕೋ, ಉಳಿಸುವುದಕ್ಕೋ?

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಡೇರಿ ವೃತ್ತಕ್ಕೂ ಬಿ.ಟಿ.ಎಂ. ಬಡಾವಣೆಗೂ ನಡುವೆ ಸುದ್ದಗುಂಟೆಪಾಳ್ಯವಿದೆ. ಕಾಲೇಜು, ಬಾಡಿಗೆ ಮನೆಗಳು ಮತ್ತು ಅಂಗಡಿಗಳಿಂದ ತುಂಬಿರುವ ಪ್ರದೇಶ ಇದು. ಅದರ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಸಮಾಸದಲ್ಲಿ ಉತ್ತರಪದದ ಮೊದಲ ಕಕಾರ ಗಕಾರವಾಗುವುದನ್ನು ಆದೇಶ ಸಂಧಿ ಎಂದು ಕಲಿತಿದ್ದೇವೆ. ಇಲ್ಲಿನ 'ಗುಂಟೆ'ಯನ್ನು 'ಕುಂಟೆ' ಎಂದು ಓದುವುದು ಸಹಜ. ಕುಂಟೆ ಎಂದರೆ ಮಳೆಯ ನೀರು ಬಂದು ನಿಲ್ಲುವ ಪುಟ್ಟ ಕೊಳ. ದನಕರುಗಳಿಗೆ, ಒಂದೆರಡು ಹೊಲಗಳಿಗೆ ಆಗುವಷ್ಟು ನೀರನ್ನು ಹಿಡಿದಿಡುವ ತಗ್ಗು. ಬೆಂಗಳೂರು, ಕೋಲಾರ, ತುಮಕೂರು ಸೀಮೆಗಳಲ್ಲಿ ಇಂತಹ ಕುಂಟೆಗಳು ಒಂದು ಕಾಲಕ್ಕೆ ಊರೂರಿಗೂ ಇದ್ದವು. ಪಾಳ್ಯದ ಪಕ್ಕದಲ್ಲೇ ಇರುವ ತಾವರೆಕೆರೆಯಂತೆ ಇಲ್ಲಿಯೂ ಈಗ ನೀರು ಉಳಿದಿರುವುದು ಹೆಸರಿನಲ್ಲಿ ಮಾತ್ರ. ಇಲ್ಲಿನ ನಲ್ಲಿಗೆ ಬರುವ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ತರಲಾಗುತ್ತದೆ.

ಅದೇ ಕುಂಟೆಯನ್ನು ಸರ್ಕಾರದ ಹಣದಿಂದ ರೈತರ ಹೊಲಗಳಲ್ಲಿ ಮತ್ತೆ ತೋಡಿಸುವ ಕೆಲಸ ಬಯಲುಸೀಮೆಯಲ್ಲಿ ನಡೆದಿದೆ. ಅದರ ಹೊಸ ಹೆಸರು 'ಕೃಷಿ ಹೊಂಡ'. 2014-15ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ 'ಕೃಷಿ ಭಾಗ್ಯ' ಯೋಜನೆಯಲ್ಲಿ ಹೊಂಡ ತೋಡುವ ವೆಚ್ಚದಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ. 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90 ಭಾಗ ಸಹಾಯಧನ ದೊರೆಯುತ್ತಿತ್ತು. ನಡುವೆ ಕೆಲವು ವರ್ಷ ನಿಂತಿದ್ದ ಯೋಜನೆಯನ್ನು 2023-24ರಲ್ಲಿ 24 ಜಿಲ್ಲೆಗಳ 106 ತಾಲ್ಲೂಕುಗಳಿಗಾಗಿ ಮತ್ತೆ ಆರಂಭಿಸಲಾಯಿತು.

ಒಬ್ಬ ರೈತನ ಸ್ವಂತ ಜಮೀನಿನಲ್ಲಿ ತೋಡುವ ಹೊಂಡಕ್ಕೆ ಸುದ್ದಗುಂಟೆಪಾಳ್ಯದ ತೆರಿಗೆದಾರ ಹಣ ಕೊಡಬೇಕಾದದ್ದು ಏಕೆ? ಕೊಟ್ಟ ಹಣಕ್ಕೆ ಫಲ ಬಂದಿದೆಯೆಂದು ತಿಳಿಯುವುದು ಹೇಗೆ? ಎರಡನೆಯ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಹೈಸ್ಕೂಲಿನ ಕ್ಷೇತ್ರಗಣಿತ ಬಲ್ಲವರು ಯಾರು ಬೇಕಾದರೂ ಅದಕ್ಕೆ ಉತ್ತರ ಹುಡುಕಬಹುದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಒಂದು ಮಿಲಿಮೀಟರ್ ಮಣ್ಣು

ಮೊದಲು ಮಣ್ಣಿನ ಲೆಕ್ಕ. ಭಾರತದಲ್ಲಿ ವರ್ಷಕ್ಕೆ ಪ್ರತಿ ಹೆಕ್ಟೇರಿನಿಂದ ಸರಾಸರಿ ಸುಮಾರು 16 ಟನ್ ಮಣ್ಣು ಕೊಚ್ಚಿಹೋಗುತ್ತದೆ ಎಂದು 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಎಂಬ ವಿಜ್ಞಾನಿಗಳು ಅಂದಾಜು ಮಾಡಿದರು. ಹದಿನಾರು ಟನ್ ಎಂದರೆ ಎರಡು ಲಾರಿ ಮಣ್ಣು. ಅದನ್ನು ಆ ಹೆಕ್ಟೇರಿನ ಮೇಲೆಯೇ ಮತ್ತೆ ಹರಡಿದರೆ ಎಷ್ಟು ದಪ್ಪವಾದೀತು? ಒಂದು ಘನ ಮೀಟರ್ ಹೊಲದ ಮಣ್ಣು ಸುಮಾರು 1.4 ಟನ್ ತೂಗುತ್ತದೆ. ಹದಿನಾರು ಟನ್ ಅಂದರೆ 11.4 ಘನ ಮೀಟರ್. ಹೆಕ್ಟೇರಿನ 10,000 ಚದರ ಮೀಟರ್ ಮೇಲೆ ಅದು ಬರೇ 1.1 ಮಿಲಿಮೀಟರ್ ಪದರ.

ಮಿಲಿಮೀಟರ್ ಲೆಕ್ಕದ ಈ ನಷ್ಟ ರೈತನ ಕಣ್ಣಿಗೆ ಬೀಳುವುದಿಲ್ಲ. ಆದರೆ ಹೋಗುವುದು ಮೇಲ್ಪದರ. ಸಾವಯವ ಅಂಶ ಮತ್ತು ಪೋಷಕಾಂಶಗಳು ಹೆಚ್ಚಾಗಿರುವುದು ಅದರಲ್ಲೇ. ಹೋದದ್ದು ಮತ್ತೆ ತಯಾರಾಗಲು ಶತಮಾನಗಳೇ ಬೇಕು.

ಹೀಗೆ ಹೋದ ಮಣ್ಣು ಎಲ್ಲಿಯೋ ಒಂದು ಕಡೆ ನಿಲ್ಲಲೇಬೇಕು. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯವನ್ನು ನೋಡಿ. 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಅಡಿ ಇತ್ತು. ಇತ್ತೀಚಿನ ಅಳತೆಗಳಂತೆ ಅದು ಸುಮಾರು 105ಕ್ಕೆ ಇಳಿದಿದೆ. ಒಂದು ಟಿ.ಎಂ.ಸಿ. ಅಡಿ ಎಂದರೆ 2.83 ಕೋಟಿ ಘನ ಮೀಟರ್. ಹಾಗಾದರೆ ಹೂಳು ನುಂಗಿದ ಜಾಗ ಹತ್ತಿರ ಹತ್ತಿರ 79 ಕೋಟಿ ಘನ ಮೀಟರ್. ಅದಷ್ಟೂ ಹೊಲದ ಮಣ್ಣಲ್ಲ. ಕಾಡು, ಗಣಿ, ನದಿದಂಡೆಗಳ ಪಾಲೂ ಅದರಲ್ಲಿದೆ. ಆದರೂ ಮಲೆನಾಡು ಮತ್ತು ಅರೆಮಲೆನಾಡಿನ ಹೊಲಗಳಲ್ಲಿ ಬದು ಇಲ್ಲದಿದ್ದರೆ ಅದರ ನಷ್ಟವನ್ನು ನೂರಾರು ಕಿಲೋಮೀಟರ್ ಆಚೆಯ ರಾಯಚೂರಿನ ಕಾಲುವೆಯ ಕೊನೆಯ ರೈತ ಹೊರುತ್ತಾನೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಹಾಯಧನದ ಮೂಲ ತರ್ಕ ಇದೇ. ಬದು ಹಾಕುವ ಖರ್ಚು ಪೂರ್ತಿಯಾಗಿ ಒಬ್ಬನದು. ಅದರ ಲಾಭ ಮಾತ್ರ ಕೆಳಗಿನ ಹೊಲ, ಕೆರೆ, ಜಲಾಶಯ ಮತ್ತು ನಗರಗಳಿಗೆ ಹಂಚಿಹೋಗುತ್ತದೆ. ತನಗೆ ಬರುವ ಲಾಭವನ್ನಷ್ಟೇ ತೂಗಿ ನೋಡುವ ರೈತ ಅಗತ್ಯಕ್ಕಿಂತ ಕಡಿಮೆ ಸಂರಕ್ಷಣೆ ಮಾಡುತ್ತಾನೆ. ಅದು ಅವನ ತಪ್ಪಲ್ಲ. ಉಳಿದವರ ಲಾಭದ ಪಾಲನ್ನು ಸರ್ಕಾರ ಅವನಿಗೆ ಕೊಟ್ಟರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಆದ್ದರಿಂದ ಸಂರಕ್ಷಣೆಯ ಸಹಾಯಧನ ದಾನವಲ್ಲ. ಸಮಾಜ ಪಡೆದುಕೊಳ್ಳುವ ಒಂದು ಸೇವೆಗೆ ತೆರುವ ಬೆಲೆ.

ಅಮೆರಿಕದ ಧೂಳು, ನಮ್ಮ ಬಿತ್ತುವಟ್ಟ

ಇದನ್ನು ಒಂದು ದೇಶ ಬಹಳ ಕಷ್ಟಪಟ್ಟು ಕಲಿಯಿತು. 1930ರ ದಶಕದಲ್ಲಿ ಅಮೆರಿಕದ ಮಧ್ಯ ಬಯಲುಗಳಲ್ಲಿ ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದ್ದರು. ಬರ ಬಂದಾಗ ಬರಿಯ ಮಣ್ಣು ಗಾಳಿಗೆ ಎದ್ದಿತು. 1934ರ ಮೇ ತಿಂಗಳ ಧೂಳು ಪೂರ್ವ ಕರಾವಳಿಯ ನಗರಗಳನ್ನೂ ಮುಟ್ಟಿತು. ಹ್ಯೂ ಬೆನೆಟ್ ಎಂಬ ಮಣ್ಣುವಿಜ್ಞಾನಿಯ ಒತ್ತಾಯದಿಂದ 1935ರ ಏಪ್ರಿಲ್ 27ರಂದು ಮಣ್ಣು ಸಂರಕ್ಷಣೆಯ ಕಾಯ್ದೆ ಬಂತು. ಬಳಿಕ ಗ್ರಾಮೀಣ ಕೌಂಟಿಗಳಲ್ಲೆಲ್ಲ ಸಂರಕ್ಷಣಾ ಮಂಡಲಿಗಳಾದವು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ.

ಅಲ್ಲಿ 1985ರಲ್ಲಿ ಇನ್ನೊಂದು ಏರ್ಪಾಡು ಸೇರಿತು. ಸುಲಭವಾಗಿ ಕೊಚ್ಚಿಹೋಗುವ ಹೊಲವನ್ನು ಉಳದೆ ಹುಲ್ಲು ಅಥವಾ ಮರ ಬೆಳೆಸಿ ಬಿಟ್ಟರೆ 10ರಿಂದ 15 ವರ್ಷ ಕಾಲ ಸರ್ಕಾರ ವರ್ಷವರ್ಷವೂ ಬಾಡಿಗೆ ಕೊಡುತ್ತದೆ. 2007ರಲ್ಲಿ ಇಂತಹ ನೆಲ 3.68 ಕೋಟಿ ಎಕರೆಗೆ ಮುಟ್ಟಿತ್ತು. ಆಮೇಲೆ ಮುಸುಕಿನ ಜೋಳದ ಬೆಲೆ ಏರಿತು. ಒಪ್ಪಂದ ಮುಗಿದ ನೆಲದ ದೊಡ್ಡ ಪಾಲು ಮತ್ತೆ ನೇಗಿಲಿಗೆ ಬಂತು. ಹುಲ್ಲು ನಿಂತದ್ದು ಹಣ ಬರುತ್ತಿದ್ದಷ್ಟು ಕಾಲ. ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಂದೇ: ಕಾಪಾಡಿಕೊಂಡು ಬಂದಷ್ಟು ದಿನಕ್ಕೆ ಮಾತ್ರ ಸಂಬಳ.

ನಮ್ಮಲ್ಲಿಯೂ ಇಂತಹ ಯೋಚನೆ ಹೊಸದಲ್ಲ. ಕರ್ನಾಟಕದ ಶಾಸನಗಳಲ್ಲಿ 'ಬಿತ್ತುವಟ್ಟ', 'ಕಟ್ಟುಕೊಡಗೆ' ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಕೆರೆಯ ಕೆಳಗಿನ ನೆಲವನ್ನೋ ಅದರ ಉತ್ಪನ್ನದ ಪಾಲನ್ನೋ ಬಿಟ್ಟುಕೊಡುತ್ತಿದ್ದ ಕ್ರಮ ಅದು. ಹೂಳು ಹೊರುವ ಬಂಡಿಯನ್ನು ಇಟ್ಟುಕೊಳ್ಳುವುದಕ್ಕೆಂದೇ ದತ್ತಿ ಬಿಟ್ಟ ಶಾಸನಗಳೂ ಇವೆ. ಇಲ್ಲಿ ಒಂದು ಜಾಣತನವಿದೆ. ಕೆರೆಯಲ್ಲಿ ನೀರಿದ್ದರೆ ಮಾತ್ರ ಬಿತ್ತುವಟ್ಟದ ಗದ್ದೆಯಲ್ಲಿ ಬೆಳೆ. ಕೆರೆ ಹಾಳಾದರೆ ಕೊಡಗೆಯೂ ಬೀಳು. ಕೊಟ್ಟ ಹಣ ಫಲ ಕೊಟ್ಟಿದೆಯೇ ಎಂದು ಪರೀಕ್ಷಿಸಲು ಪ್ರತ್ಯೇಕ ಅಧಿಕಾರಿ ಬೇಕಿರಲಿಲ್ಲ.

ಹೊಂಡದ ಗಾತ್ರ: ಕಣ್ಣಂದಾಜು ಬೇಡ

ಈಗ ಕೃಷಿ ಹೊಂಡಕ್ಕೆ ಬರೋಣ. ಕೃಷಿ ಭಾಗ್ಯ ಒಂದು ಕಟ್ಟು. ಹೊಲದ ಸುತ್ತ ಬದು, ನೀರು ಸಂಗ್ರಹಕ್ಕೆ ಹೊಂಡ, ಇಂಗದಂತೆ ಪಾಲಿಥೀನ್ ಹೊದಿಕೆ, ಎತ್ತಲು ಪಂಪು, ಹರಿಸಲು ತುಂತುರು ಅಥವಾ ಹನಿ ನೀರಾವರಿ, ಇವೆಲ್ಲ ಅದರಲ್ಲಿ ಸೇರಿವೆ. ಹೊಂಡಗಳಿಗೆ 10, 12, 15, 18 ಮತ್ತು 21 ಮೀಟರ್ ಬದಿಯ ಚೌಕ ಅಳತೆಗಳಿವೆ. ಆಳ 3 ಮೀಟರ್.

21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ ಎಂದರೆ 1,323 ಘನ ಮೀಟರ್ ನೀರು ಎಂದು ಅವಸರದಲ್ಲಿ ಹೇಳಿಬಿಡುತ್ತೇವೆ. ಅದು ತಪ್ಪು. ನೆಟ್ಟಗೆ ತೋಡಿದರೆ ಬದಿಯ ಮಣ್ಣು ಕುಸಿಯುತ್ತದೆ. ಆದ್ದರಿಂದ ಬದಿಗಳಿಗೆ ಇಳಿಜಾರು ಕೊಡುತ್ತಾರೆ. ಒಂದು ಮೀಟರ್ ಕೆಳಗಿಳಿದರೆ ಒಂದು ಮೀಟರ್ ಒಳಕ್ಕೆ ಬರುವಂತೆ ತೋಡಿದ್ದಾರೆ ಎಂದಿಟ್ಟುಕೊಳ್ಳೋಣ. ಆಗ 21 ಮೀಟರ್ ಹೊಂಡದ ತಳ 15 ಮೀಟರ್ ಚೌಕ, ನಡುಮಟ್ಟ 18 ಮೀಟರ್ ಚೌಕ. ಇಂತಹ ಆಕಾರದ ಗಾತ್ರಕ್ಕೆ ಸೂತ್ರ ಹೀಗಿದೆ:

ಗಾತ್ರ = (ಆಳ ÷ 6) × (ಮೇಲಿನ ವಿಸ್ತೀರ್ಣ + 4 × ನಡುಮಟ್ಟದ ವಿಸ್ತೀರ್ಣ + ತಳದ ವಿಸ್ತೀರ್ಣ)

21 ಮೀಟರ್ ಹೊಂಡಕ್ಕೆ: (3 ÷ 6) × (441 + 1,296 + 225) = 981 ಘನ ಮೀಟರ್.

ಇದೇ ರೀತಿ ಉಳಿದವನ್ನೂ ಲೆಕ್ಕ ಹಾಕಬಹುದು:

10 ಮೀ. ಹೊಂಡ: ತಳ 4 ಮೀ., ಗಾತ್ರ 156 ಘನ ಮೀಟರ್
12 ಮೀ. ಹೊಂಡ: ತಳ 6 ಮೀ., ಗಾತ್ರ 252 ಘನ ಮೀಟರ್
15 ಮೀ. ಹೊಂಡ: ತಳ 9 ಮೀ., ಗಾತ್ರ 441 ಘನ ಮೀಟರ್
18 ಮೀ. ಹೊಂಡ: ತಳ 12 ಮೀ., ಗಾತ್ರ 684 ಘನ ಮೀಟರ್
21 ಮೀ. ಹೊಂಡ: ತಳ 15 ಮೀ., ಗಾತ್ರ 981 ಘನ ಮೀಟರ್

ಚಿಕ್ಕ ಹೊಂಡದಲ್ಲಿ ಇಳಿಜಾರು ನುಂಗುವ ಪಾಲು ಹೆಚ್ಚು ಎಂಬುದನ್ನು ಗಮನಿಸಿ. 10 ಮೀಟರ್ ಹೊಂಡ ಕಾಗದದ ಮೇಲೆ 300 ಘನ ಮೀಟರ್. ನಿಜದಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು.

ಬರುವ ನೀರು, ಹೋಗುವ ನೀರು

ಹೊಂಡ ತುಂಬುವುದು ಅದರ ಮೇಲೆ ಬೀಳುವ ಮಳೆಯಿಂದಲ್ಲ, ಹೊಲದ ಮೇಲಿನಿಂದ ಹರಿದು ಬರುವ ನೀರಿನಿಂದ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು 10 ಘನ ಮೀಟರ್, ಅಂದರೆ 10,000 ಲೀಟರ್. ಮುಂಗಾರಿನಲ್ಲಿ 400 ಮಿಲಿಮೀಟರ್ ಮಳೆ ಬಿತ್ತು, ಅದರಲ್ಲಿ ಹತ್ತರಲ್ಲೊಂದು ಪಾಲು ಹರಿದು ಬಂತು ಎನ್ನೋಣ. ಇಳಿಜಾರು, ಮಣ್ಣಿನ ಗುಣ, ಬೆಳೆಯ ದಟ್ಟಣೆ, ಮಳೆಯ ರಭಸ ಇವುಗಳನ್ನು ಅವಲಂಬಿಸಿ ಈ ಪಾಲು ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ನಮ್ಮ ಲೆಕ್ಕದಂತೆ ಒಂದು ಹೆಕ್ಟೇರಿನಿಂದ ಬರುವುದು 40 ಮಿಲಿಮೀಟರ್, ಅಂದರೆ 400 ಘನ ಮೀಟರ್.

ಎರಡು ಎಕರೆಯ (0.8 ಹೆಕ್ಟೇರ್) ರೈತನಿಗೆ ತನ್ನ ಹೊಲದಿಂದ ಸಿಗುವುದು 320 ಘನ ಮೀಟರ್. ಅದಕ್ಕೆ 12 ಮೀಟರ್ ಹೊಂಡ ಸಾಕು. 15 ಮೀಟರಿನದು ಮುಕ್ಕಾಲು ತುಂಬೀತು. 21 ಮೀಟರ್ ಹೊಂಡ ಒಮ್ಮೆ ತುಂಬಲು ಆರು ಎಕರೆಯ ಹರಿವು ಬೇಕು. ಮೇಲಿನ ನೆರೆಯವರ ಹೊಲದ ನೀರೂ ಇವನ ಕಡೆಗೇ ಹರಿದು ಬರದಿದ್ದರೆ ಅಷ್ಟು ದೊಡ್ಡ ಹೊಂಡ ಎರಡು ಪಾಲು ಬರಿದಾಗಿಯೇ ಉಳಿಯುತ್ತದೆ. ಎಂದರೆ ಹೊಂಡದ ಅಳತೆಯನ್ನು ನಿರ್ಧರಿಸಬೇಕಾದದ್ದು ಅದರ ಜಲಾನಯನ. ಸಹಾಯಧನದ ಮೊತ್ತವಲ್ಲ.

ಬಂದ ನೀರೆಲ್ಲ ಬೆಳೆಗೆ ಸಿಗುವುದೂ ಇಲ್ಲ. ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ. ಆದ್ದರಿಂದಲೇ ಪಾಲಿಥೀನ್ ಹೊದಿಕೆ. ಅಂಟುಗುಣದ ಕಪ್ಪು ಮಣ್ಣಿನಲ್ಲಿ ಹೊದಿಕೆಯ ಅಗತ್ಯ ಕಡಿಮೆ. ಹೊದಿಕೆ ಇಂಗುವುದನ್ನು ತಡೆಯುತ್ತದೆ, ಆವಿಯಾಗುವುದನ್ನು ತಡೆಯದು. ದಿನಕ್ಕೆ 5 ಮಿಲಿಮೀಟರ್ ಆವಿಯಾಗುತ್ತದೆಂದು ಹಿಡಿದರೆ ತುಂಬಿದ 21 ಮೀಟರ್ ಹೊಂಡದಿಂದ ಒಂದೇ ದಿನಕ್ಕೆ 2,200 ಲೀಟರ್ ನೀರು ಗಾಳಿಗೆ ಹೋಗುತ್ತದೆ. ಅರವತ್ತು ದಿನಕ್ಕೆ 132 ಘನ ಮೀಟರ್, ಅಂದರೆ ಶೇ. 13. 10 ಮೀಟರ್ ಹೊಂಡದಿಂದ ಅದೇ ಅವಧಿಯಲ್ಲಿ 30 ಘನ ಮೀಟರ್ ಹೋದರೂ ಅದು ಶೇ. 19. ಗಾತ್ರ ಚಿಕ್ಕದಾದಂತೆ ಗಾತ್ರಕ್ಕೆ ಹೋಲಿಸಿದ ಮೇಲ್ಮೈ ಹೆಚ್ಚುತ್ತದೆ ಎಂಬ ನಿಯಮವೇ ಇಲ್ಲೂ ಕೆಲಸ ಮಾಡುತ್ತಿದೆ. ಅಗಲ ತಟ್ಟೆಯ ಕಾಫಿ ಬೇಗ ಆರುವುದಕ್ಕೂ ಇದೇ ಕಾರಣ. (ನೀರು ತಗ್ಗಿದಂತೆ ಮೇಲ್ಮೈ ಕಿರಿದಾಗುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ.)

ಉಳಿದ ನೀರಿನ ಉಪಯೋಗ ಎಷ್ಟು? ರಾಗಿ ಹೂವಿಗೆ ಬರುವ ಹೊತ್ತಿನಲ್ಲಿ ಎರಡು ಮೂರು ವಾರ ಮಳೆ ಕೈಕೊಟ್ಟಿತು ಎನ್ನೋಣ. ಆಗ ಒಂದು ಎಕರೆಗೆ 30 ಮಿಲಿಮೀಟರ್ ನೀರು ಕೊಟ್ಟರೆ ಬೆಳೆ ಉಳಿಯುತ್ತದೆ. ಅದು 121 ಘನ ಮೀಟರ್. ತುಂತುರಿನಲ್ಲಿ ಆಗುವ ನಷ್ಟ ಸೇರಿಸಿದರೆ ಸುಮಾರು 150. 10 ಮೀಟರ್ ಹೊಂಡದಲ್ಲಿ ಉಳಿದಿರುವುದು 126. ಅದು ಒಂದು ಎಕರೆಗೆ ಒಮ್ಮೆ ಕೊಡುವುದಕ್ಕೂ ಸಾಲದು. 21 ಮೀಟರ್ ಹೊಂಡ ತುಂಬಿದ್ದರೆ ಅದೇ ಕೆಲಸಕ್ಕೆ ಐದು ಎಕರೆಗೆ ಸಾಕು. ಕೃಷಿ ಹೊಂಡದ ನೀರು ಇಡೀ ಬೆಳೆಯನ್ನು ಬೆಳೆಯುವ ನೀರಲ್ಲ, ಬೆಳೆಯನ್ನು ಉಳಿಸುವ ನೀರು. ಈ ವ್ಯತ್ಯಾಸವನ್ನು ಮರೆತಾಗ ತೊಂದರೆಗಳು ಆರಂಭವಾಗುತ್ತವೆ.

ಲೆಕ್ಕ ತಪ್ಪುವ ಮೂರು ಕಡೆ

ಮೊದಲನೆಯದು, ಕೊಳವೆಬಾವಿಯ ನೀರನ್ನು ಹೊಂಡಕ್ಕೆ ತುಂಬುವುದು. ಹೊಂಡ ದೊಡ್ಡದಿದ್ದು ಮಳೆ ನೀರು ಸಾಲದಿದ್ದಾಗ, ಕರೆಂಟು ಇರುವ ಹೊತ್ತಿನಲ್ಲಿ ಅಂತರ್ಜಲವನ್ನು ಎತ್ತಿ ಹೊಂಡದಲ್ಲಿ ಇಟ್ಟುಕೊಳ್ಳುವ ಆಸೆ ಸಹಜ. ಮಹಾರಾಷ್ಟ್ರದ ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಪ್ಲಾಸ್ಟಿಕ್ ಹಾಸಿದ ಹೊಂಡಗಳು ಹೀಗೆ ಬಳಕೆಯಾಗುತ್ತಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಇಲ್ಲಿ ಭೌತವಿಜ್ಞಾನವೇ ತಲೆಕೆಳಗಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ಆಳವಾಗಿ ಇದ್ದ ನೀರು ಒಂದು ಹನಿಯೂ ಆವಿಯಾಗುತ್ತಿರಲಿಲ್ಲ. ಅದನ್ನು ವಿದ್ಯುತ್ ಖರ್ಚು ಮಾಡಿ ಮೇಲಕ್ಕೆತ್ತಿ ಬಿಸಿಲಿಗೆ ಒಡ್ಡುತ್ತೇವೆ. ಹೊದಿಕೆ ಇರುವುದರಿಂದ ಅದು ಮತ್ತೆ ಇಂಗುವುದೂ ಇಲ್ಲ. ಕೋಲಾರದಂತಹ, ಎಲ್ಲ ತಾಲ್ಲೂಕುಗಳೂ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿರುವ ಜಿಲ್ಲೆಯಲ್ಲಿ ಹೀಗಾದರೆ ಸಂರಕ್ಷಣೆಯ ಹಣ ಸವಕಳಿಗೆ ಹೋದಂತೆ.

ಎರಡನೆಯದು, ಉಳಿತಾಯದ ವಿರೋಧಾಭಾಸ. ಹನಿ ನೀರಾವರಿಗೆ ನಮ್ಮ ರಾಜ್ಯದಲ್ಲಿ 2 ಹೆಕ್ಟೇರ್‌ವರೆಗೆ ಶೇ. 90ರಷ್ಟು ಸಹಾಯಧನ ಹಲವು ವರ್ಷ ದೊರೆತಿದೆ. ಹನಿಯಲ್ಲಿ ಗಿಡವೊಂದಕ್ಕೆ ನೀರು ಉಳಿಯುವುದು ನಿಜ. ಆದರೆ ಹೊಲಕ್ಕೆ, ಜಲಾನಯನಕ್ಕೆ ಉಳಿಯುತ್ತದೆಯೇ? ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ ರೈತರು ಹೆಚ್ಚು ದಕ್ಷತೆಯ ತುಂತುರು ಸಾಧನಕ್ಕೆ ಬದಲಾದ ಮೇಲೆ ಅಂತರ್ಜಲದ ಬಳಕೆ ಏನಾಯಿತು ಎಂಬುದನ್ನು ಲೀಸಾ ಫೈಫರ್ ಮತ್ತು ಸಿಂಥಿಯಾ ಲಿನ್ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಬಳಕೆ ತಗ್ಗುವ ಬದಲು ಹೆಚ್ಚಿತ್ತು. ನೀರು ಉಳಿದಂತೆ ಹೆಚ್ಚು ನೀರು ಬೇಡುವ ಬೆಳೆಗೆ ರೈತರು ಹೊರಳಿದ್ದು ಇದಕ್ಕೆ ಮುಖ್ಯ ಕಾರಣ. ಇದರಿಂದ ಹನಿ ನೀರಾವರಿ ಕೆಟ್ಟದ್ದೆಂದು ತಿಳಿಯಬಾರದು. ಎತ್ತುವ ನೀರಿಗೆ ಮಿತಿ ಇದ್ದಾಗ ಮಾತ್ರ ಸಾಧನದ ದಕ್ಷತೆ ನಿಜವಾದ ಉಳಿತಾಯವಾಗುತ್ತದೆ ಎಂಬುದು ಇದರ ಪಾಠ.

ಮೂರನೆಯದು, ಕೆಳಗಿನ ಕೆರೆಯ ಪಾಲು. ಒಂದು ಹೊಂಡ ಹಿಡಿಯುವ 981 ಘನ ಮೀಟರ್ ಅಲ್ಪವೇ. ಒಂದೇ ಕೆರೆಯ ಮೇಲ್ಭಾಗದಲ್ಲಿ ಅಂತಹ ನೂರು ಹೊಂಡಗಳಾದರೆ ಸುಮಾರು ಒಂದು ಲಕ್ಷ ಘನ ಮೀಟರ್. ಹತ್ತು ಹೆಕ್ಟೇರ್ ವಿಸ್ತಾರದ, ಸರಾಸರಿ ಒಂದು ಮೀಟರ್ ಆಳದ ಊರಕೆರೆಯಲ್ಲಿ ನಿಲ್ಲುವುದೂ ಅಷ್ಟೇ ನೀರು! ಹೊಂಡವಿರುವ ರೈತನಿಗೆ ಸಿಕ್ಕ ನೀರು ಹೊಸದಾಗಿ ಹುಟ್ಟಿದ್ದಲ್ಲ. ಅದರಲ್ಲಿ ಒಂದು ಭಾಗ ಕೆರೆಗೆ, ಕೆರೆಯ ಕೆಳಗಿನ ಬಾವಿಗಳಿಗೆ, ಹೊಂಡ ತೋಡಲು ಜಾಗವೂ ಇಲ್ಲದವರ ದನಗಳಿಗೆ ಸಲ್ಲುತ್ತಿದ್ದ ನೀರು.

ಅರ್ಕಾವತಿ ಹೇಳುವುದು

ಬೆಂಗಳೂರಿನ ಓದುಗರಿಗೆ ಇದಕ್ಕೆ ಹತ್ತಿರದ ಉದಾಹರಣೆ ಅರ್ಕಾವತಿ. ನಂದಿ ಬೆಟ್ಟದ ಬಳಿ ಹುಟ್ಟುವ ಈ ನದಿಗೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯ ದಶಕಗಳ ಕಾಲ ನಗರಕ್ಕೆ ನೀರು ಕೊಟ್ಟಿತು. ಆಮೇಲೆ ಒಳಹರಿವು ಕುಸಿಯುತ್ತ ಹೋಯಿತು. ಮಳೆ ಕಡಿಮೆಯಾಯಿತು ಎಂದು ಎಲ್ಲರೂ ಹೇಳಿದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಇಂತಹ ಊಹೆಗಳನ್ನು ಒಂದೊಂದಾಗಿ ಅಂಕಿ ಅಂಶಗಳ ಎದುರು ನಿಲ್ಲಿಸಿ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಅವರ ತೀರ್ಮಾನದಂತೆ ಕುಸಿತಕ್ಕೆ ಮಳೆಯ ಬದಲಾವಣೆಯೂ ಉಷ್ಣತೆಯ ಏರಿಕೆಯೂ ತಕ್ಕ ಕಾರಣಗಳಲ್ಲ. ಅಂತರ್ಜಲ ಎತ್ತಿದ್ದು, ನೀಲಗಿರಿ ತೋಪುಗಳು ಹಬ್ಬಿದ್ದು, ಅಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ರಚನೆಗಳು, ಇವು ಹೆಚ್ಚು ಸಂಭವನೀಯ ಕಾರಣಗಳು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ನೀಲಗಿರಿ ಸಸಿಗಳನ್ನು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಡಿ ಸರ್ಕಾರದ ಸಸ್ಯಕ್ಷೇತ್ರಗಳೇ ರೈತರಿಗೆ ಹಂಚಿದ್ದವು. ಹಸಿರು ಹೆಚ್ಚಿಸುವುದೇ ಅದರ ಉದ್ದೇಶವಾಗಿತ್ತು. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ನೆಟ್ಟಿದ್ದರು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಹಳ್ಳಕ್ಕೆ ಅಡ್ಡ ಕಟ್ಟಿದ ತಡೆಗಳೂ ಸಂರಕ್ಷಣೆಯ ಹೆಸರಿನವೇ. ಅಂದರೆ ಉದ್ದೇಶ ಒಳ್ಳೆಯದಿದ್ದು, ಹಣ ಪ್ರಾಮಾಣಿಕವಾಗಿ ಖರ್ಚಾಗಿದ್ದರೂ ನೀರಿನ ಲೆಕ್ಕ ಹಾಕದಿದ್ದರೆ ಫಲ ತಿರುಗುಮುರುಗಾಗಬಹುದು.

ಎಣಿಸಬೇಕಾದದ್ದು ಏನು?

ಸರ್ಕಾರದ ವರದಿಗಳು ಸಾಮಾನ್ಯವಾಗಿ ಎಣಿಸುವುದು ಹೊಂಡಗಳ ಸಂಖ್ಯೆಯನ್ನು. ಹೊಂಡದ ಮುಂದೆ ರೈತ ನಿಂತ, ಜಿಪಿಎಸ್ ಗುರುತಿರುವ ಛಾಯಾಚಿತ್ರ ಬಂದರೆ ಹಣ ಬಿಡುಗಡೆಯಾಗುತ್ತದೆ. ಹೊಂಡ ಇದೆ ಎಂಬುದಕ್ಕೆ ಅದು ಸಾಕ್ಷಿ. ಅದರಲ್ಲಿ ಯಾವ ನೀರು ತುಂಬಿತು, ಎಷ್ಟು ಎಕರೆ ಬೆಳೆ ಉಳಿಯಿತು, ಐದು ವರ್ಷದ ನಂತರ ಹೊದಿಕೆ ಹರಿದಿದೆಯೇ, ಹೂಳು ಎಷ್ಟು ಕೂತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ತೋಡುವುದಕ್ಕೆ ಶೇ. 80 ಕೊಟ್ಟು, ಹೂಳು ತೆಗೆಯುವುದಕ್ಕೆ ಏನೂ ಕೊಡದಿದ್ದರೆ ಹಳೆಯ ಹೊಂಡವನ್ನು ಬಿಟ್ಟು ಹೊಸದನ್ನು ಕೇಳುವುದೇ ಲಾಭ. ಬಿತ್ತುವಟ್ಟದ ಕಾಲದವರು ತಪ್ಪಿಸಿದ್ದು ಈ ದೋಷವನ್ನೇ.

ಬೇರೆ ದಾರಿ ನಮ್ಮ ರಾಜ್ಯದಲ್ಲೇ ಇತ್ತು. 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ನಡೆದ 'ಸುಜಲ' ಜಲಾನಯನ ಯೋಜನೆಯಲ್ಲಿ ಘಟಕವಾಗಿ ತೆಗೆದುಕೊಂಡದ್ದು ಒಬ್ಬ ರೈತನ ಹೊಲವನ್ನಲ್ಲ, ಇಡೀ ಕಿರುಜಲಾನಯನವನ್ನು. ದಿಣ್ಣೆಯಿಂದ ಆರಂಭಿಸಿ ಹಳ್ಳದ ಕಡೆಗೆ ಕೆಲಸ ಸಾಗಿತು. ರೈತರೂ ವೆಚ್ಚದ ಪಾಲು ಕೊಟ್ಟರು. ಉಪಗ್ರಹ ಚಿತ್ರಗಳ ನೆರವಿನಿಂದ ನೆಲದ ಮೇಲಿನ ಬದಲಾವಣೆಯನ್ನು ಹಿಂದಿನ ವರ್ಷಗಳೊಂದಿಗೆ ಹೋಲಿಸಿ ನೋಡಲಾಯಿತು. ಹೊಂಡದ ಸಹಾಯಧನವನ್ನೂ ಹೀಗೆ ಜಲಾನಯನದ ಲೆಕ್ಕಕ್ಕೆ ಜೋಡಿಸಿ, ಒಂದು ಭಾಗವನ್ನು ತೋಡಿದಾಗ, ಉಳಿದದ್ದನ್ನು ಮೂರು ನಾಲ್ಕು ಮಳೆಗಾಲಗಳ ಬಳಿಕ ಹೊಂಡ ಸುಸ್ಥಿತಿಯಲ್ಲಿದ್ದರೆ ಕೊಡುವುದು ಅಸಾಧ್ಯವೇನಲ್ಲ.

ಲೆಕ್ಕದಲ್ಲಿ ಸೇರಲೇಬೇಕಾದ ಇನ್ನೊಂದು ವಿಷಯವಿದೆ. ಪಾಲಿಥೀನ್ ಹಾಸಿದ ಹೊಂಡದ ಇಳಿಜಾರು ಒದ್ದೆಯಾದಾಗ ಪಾಚಿ ಕಟ್ಟಿದ ಬಂಡೆಯಂತೆ ಜಾರುತ್ತದೆ. ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಲ್ಲವರೂ ಮೇಲೆ ಬರಲಾರರು. ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿ ಸತ್ತ ಸುದ್ದಿಗಳನ್ನು ನಾವು ಪದೇ ಪದೇ ಓದುತ್ತಿದ್ದೇವೆ. 2023-24ರ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನ ಸೇರಿಸಿದ್ದು ಸರಿಯಾದ ಹೆಜ್ಜೆ. ಬೇಲಿಯ ಜೊತೆಗೆ ದಡದ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟುಹಗ್ಗ, ಹಗ್ಗಕ್ಕೆ ಪೋಣಿಸಿದ ಹಳೆಯ ಟೈರುಗಳು, ಇಷ್ಟಿದ್ದರೆ ಜೀವ ಉಳಿದೀತು. ಇದಕ್ಕೆ ತಗಲುವ ಖರ್ಚು ಬಹಳ ಕಡಿಮೆ. ಶಿಕ್ಷಕರು ಇದನ್ನು ತರಗತಿಯಲ್ಲಿ ಹೇಳಲೇಬೇಕು.

ತರಗತಿಯಲ್ಲಿ ಮಾಡಬಹುದಾದ ಕೆಲಸ

ಗ್ರಾಮಾಂತರ ಶಾಲೆಯವರು ಬೇಸಿಗೆಯಲ್ಲಿ, ಹೊಂಡ ಬರಿದಾಗಿರುವಾಗ, ಮಾಲೀಕರ ಅನುಮತಿ ಪಡೆದು, ಹಿರಿಯರ ಜೊತೆಯಲ್ಲಿ, ದಡದಿಂದಲೇ ಒಂದು ಕೃಷಿ ಹೊಂಡದ ಮೇಲಿನ ಅಳತೆ ತೆಗೆದುಕೊಳ್ಳಿ. ಆಳ ಮತ್ತು ತಳದ ಅಳತೆಯನ್ನು ಮಾಲೀಕರಿಂದ ತಿಳಿದುಕೊಂಡು ಮೇಲಿನ ಸೂತ್ರದಿಂದ ಗಾತ್ರ ಕಂಡುಹಿಡಿಯಿರಿ. ಹೊಂಡಕ್ಕೆ ನೀರು ಹರಿದು ಬರುವ ಹೊಲಗಳ ವಿಸ್ತೀರ್ಣವನ್ನು ಕೇಳಿ ಬರೆದುಕೊಳ್ಳಿ. ನಿಮ್ಮ ಹೋಬಳಿಯ ಮಳೆಯ ಅಂಕಿ ರೈತ ಸಂಪರ್ಕ ಕೇಂದ್ರದಲ್ಲಿ ದೊರೆಯುತ್ತದೆ. ಹತ್ತರಲ್ಲೊಂದು ಪಾಲು ಹರಿದರೆ ಹೊಂಡ ತುಂಬುತ್ತದೆಯೇ? ಐದರಲ್ಲೊಂದು ಪಾಲು ಹರಿದರೆ? ಉತ್ತರ ಬಂದ ಮೇಲೆ ಕಳೆದ ವರ್ಷ ನಿಜಕ್ಕೂ ಎಷ್ಟು ತುಂಬಿತ್ತು ಎಂದು ರೈತರನ್ನು ಕೇಳಿ. ನಿಮ್ಮ ಲೆಕ್ಕಕ್ಕೂ ಅವರ ಮಾತಿಗೂ ವ್ಯತ್ಯಾಸ ಕಂಡರೆ ಕಾರಣ ಹುಡುಕಿ. ವಿಜ್ಞಾನ ಆರಂಭವಾಗುವುದು ಅಲ್ಲಿಂದ.

ನಗರದ ಶಾಲೆಯವರೂ ಸುಮ್ಮನಿರಬೇಕಾಗಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್‌ನಷ್ಟು ಮಳೆ ಬೀಳುತ್ತದೆ. ಸುದ್ದಗುಂಟೆಪಾಳ್ಯದ 100 ಚದರ ಮೀಟರಿನ ಒಂದು ಚಾವಣಿಯ ಮೇಲೆ ಅದು 97 ಘನ ಮೀಟರ್ ನೀರು. ಕಾಂಕ್ರೀಟಿನ ಮೇಲೆ ಹತ್ತರಲ್ಲಿ ಎಂಟು ಪಾಲಾದರೂ ಹರಿಯುತ್ತದೆ. ಹಾಗಿದ್ದರೆ ಇಂತಹ ಎಷ್ಟು ಚಾವಣಿಗಳ ನೀರು 10 ಮೀಟರಿನ ಒಂದು ಹೊಂಡವನ್ನು ತುಂಬುತ್ತದೆ? ಲೆಕ್ಕ ಹಾಕಿ ನೋಡಿ. ಉತ್ತರ ಎರಡು ಚಾವಣಿಗಿಂತ ಸ್ವಲ್ಪ ಹೆಚ್ಚು. ಕುಂಟೆ ಹೋದರೂ ಅದನ್ನು ತುಂಬುತ್ತಿದ್ದ ಮಳೆ ಈಗಲೂ ಪಾಳ್ಯದ ಮೇಲೆ ಬೀಳುತ್ತಿದೆ.